ವಲಸೆ ಎಂಬ ಮಾತು

ಎಲ್ಲೆಯನ್ನು ದಾಟುವುದು ಒಂದೇ ಕೆಲಸ. ಆದರೆ ದಾಟಿದವರು ಯಾರು ಎಂಬುದನ್ನು ನೋಡಿಕೊಂಡು ಜನ ಆ ಕೆಲಸಕ್ಕೆ ಬೇರೆ ಬೇರೆ ಹೆಸರುಗಳನ್ನು ಇಟ್ಟಿದ್ದಾರೆ. ವಿಜಯದಶಮಿಯ ದಿನ ಅರಸನು ಪರಿವಾರದೊಡನೆ ಎಲ್ಲೆಯನ್ನು ದಾಟಿದರೆ ಅದು ಸೀಮೋಲ್ಲಂಘನ. ಅಪರಾಧಿಯನ್ನು ಹಿಡಿದು ಎಲ್ಲೆಯ ಆಚೆಗೆ ಅಟ್ಟಿದರೆ ಅದು ಗಡಿಪಾರು. ಇದ್ದ ಊರಿನಲ್ಲಿ ಬಾಳಲಾರದ ಬಡವನು ಹೆಂಡತಿ ಮಕ್ಕಳೊಡನೆ ಅದೇ ಎಲ್ಲೆಯನ್ನು ದಾಟಿದರೆ ಅದು ವಲಸೆ. ನೆಲದ ಮೇಲಿನ ಗೆರೆ ಒಂದೇ, ಅದನ್ನು ದಾಟಿದ ಕಾಲುಗಳೂ ಮನುಷ್ಯರವೇ. ಮಾತು ಮಾತ್ರ ಮೂರಾಯಿತು.

ಈ ಮೂರು ಮಾತುಗಳ ರಚನೆಯನ್ನು ಮೊದಲು ನೋಡೋಣ. ಸೀಮಾ ಎಂಬುದಕ್ಕೆ ಉಲ್ಲಂಘನ ಎಂಬುದು ಸೇರಿ, ಗುಣಸಂಧಿಯಾಗಿ ಸೀಮೋಲ್ಲಂಘನವೆಂದಾಗಿದೆ. ಲಂಘನವೆಂದರೆ ನೆಗೆಯುವುದು, ಹಾರುವುದು. ಹನುಮಂತನು ಮಾಡಿದ್ದು ಸಮುದ್ರಲಂಘನ. ಮಳೆಗಾಲ ಕಳೆದು ದಾರಿಗಳು ಒಣಗಿದ ಮೇಲೆ ಅರಸರು ದಂಡಯಾತ್ರೆಗೆ ಹೊರಡುತ್ತಿದ್ದ ಕಾಲದ ನೆನಪು ಈ ಆಚರಣೆಯಲ್ಲಿ ಉಳಿದುಬಂದಿದೆ. ಮೈಸೂರಿನ ದಸರಾ ಮೆರವಣಿಗೆಯು ಅರಮನೆಯಿಂದ ಹೊರಟು ಬನ್ನಿಮಂಟಪವನ್ನು ಮುಟ್ಟುವುದೂ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜನರು ಊರ ಹೊರಗಿನ ಬನ್ನಿಮರದ ಬಳಿಗೆ ಹೋಗಿ, ಅದರ ಎಲೆಯನ್ನು ತಂದು ಬಂಗಾರವೆಂದು ಹಂಚಿಕೊಳ್ಳುವುದೂ ಈ ನೆನಪಿನ ರೂಪಗಳೇ. ಪರರ ನಾಡಿನ ಮೇಲೆ ಏರಿಹೋಗುವ ಈ ದಾಟುವಿಕೆಯು ಹಬ್ಬವಾಯಿತು. ಅದೇ ಉಲ್ಲಂಘನೆ ಎಂಬ ಮಾತನ್ನು ನಿಯಮ ಎಂಬ ಮಾತಿಗೆ ಸೇರಿಸಿದೊಡನೆ ಅದು ತಪ್ಪಿನ ಹೆಸರಾಗುತ್ತದೆ ಎಂಬುದು ಗಮನಿಸತಕ್ಕ ಸಂಗತಿ.

ಗಡಿಪಾರು ಎಂಬ ಮಾತಿನದು ಇನ್ನೂ ವಿಚಿತ್ರವಾದ ಕಥೆ. ಪಾರವೆಂದರೆ ಹೊಳೆಯ ಆಚೆಯ ದಡ. ಕಷ್ಟದಿಂದ ಪಾರಾದನು, ಅಪಾಯದಿಂದ ಪಾರುಮಾಡಿದನು ಎಂದು ನಾವು ಸಮಾಧಾನದ ಉಸಿರಿನೊಡನೆ ಹೇಳುತ್ತೇವೆ. ಹಾಗಿರುವಾಗ ಗಡಿಯನ್ನು ಪಾರಾಗುವುದು ಸುಖದ ಮಾತಾಗಬೇಕಾಗಿತ್ತು. ಆದರೆ ದಾಟುವವನ ಇಚ್ಛೆ ಇಲ್ಲಿ ಕೆಲಸಮಾಡುವುದಿಲ್ಲ. ಆದುದರಿಂದ ಪಾರು ಎಂಬ ಒಳ್ಳೆಯ ಮಾತೇ ಶಿಕ್ಷೆಯ ಹೆಸರಾಗಿ ನಿಂತಿದೆ. ಇಂದಿಗೂ ಜಿಲ್ಲೆಯಿಂದ ಹೊರಗೆ ಹಾಕುವ ಆಜ್ಞೆಗೂ, ದೇಶದಿಂದ ಹೊರಗೆ ಹಾಕುವ ಆಜ್ಞೆಗೂ ಪತ್ರಿಕೆಗಳು ಗಡಿಪಾರು ಎಂಬ ಒಂದೇ ಮಾತನ್ನು ಬಳಸುತ್ತವೆ.

ಸೀಮೆ ಎಂಬ ಮಾತಿಗೆ ಕನ್ನಡದಲ್ಲಿ ಎಲ್ಲೆ ಎಂಬ ಅರ್ಥವಲ್ಲದೆ ಬೇರೆ ಅರ್ಥಗಳೂ ಇವೆ. ಬಯಲುಸೀಮೆ ಎನ್ನುವಾಗ ಅದಕ್ಕೆ ಪ್ರದೇಶವೆಂದು ಅರ್ಥ. ಹೊರನಾಡಿನಿಂದ ಹಡಗಿನಲ್ಲಿ ಬಂದಿಳಿದ ವಸ್ತುಗಳಿಗೂ ನಮ್ಮ ಹಿರಿಯರು ಇದೇ ಮಾತನ್ನು ಅಂಟಿಸಿದರು. ದೀಪಕ್ಕೆ ಹಾಕುವುದು ಸೀಮೆಎಣ್ಣೆ, ಹುಳಿಗೆ ಹಾಕುವುದು ಸೀಮೆಬದನೆಕಾಯಿ, ನಿಮ್ಮ ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆಯುವುದು ಸೀಮೆಸುಣ್ಣ, ಹೆಚ್ಚು ಹಾಲು ಕೊಡುವ ಹೊರಗಿನ ತಳಿಯ ಹಸು ಸೀಮೆಹಸು. ಬಂದ ದಾರಿಯ ಗುರುತು ಹೆಸರಿನಲ್ಲಿ ಉಳಿದರೂ ಇವುಗಳನ್ನು ಯಾರೂ ಪರಕೀಯವೆಂದು ದೂರ ಇಡುವುದಿಲ್ಲ. ಮೆಣಸಿನಕಾಯಿಗಂತೂ ಆ ಗುರುತೂ ಉಳಿಯಲಿಲ್ಲ. ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಯನ್ನು ಸೇರಿದ ಅದು ಇಲ್ಲಿಯ ಕರಿಮೆಣಸಿನ ಹೆಸರನ್ನೇ ಪಡೆದು, ಬ್ಯಾಡಗಿಯ ಹೆಸರಿನಲ್ಲಿ ಪ್ರಸಿದ್ಧವಾಯಿತು. ಕಾಯಿಪಲ್ಲೆಗಳಿಗೆ ಇಷ್ಟು ಸುಲಭವಾಗಿ ದೊರೆತ ಪೌರತ್ವ ಮನುಷ್ಯರಿಗೆ ದೊರೆಯುವುದು ಕಷ್ಟ. ಅದಕ್ಕೆ ಕಾರಣಗಳನ್ನು ತಿಳಿಯಬೇಕಾದರೆ ಮೂರನೆಯ ಮಾತಾದ ವಲಸೆಯ ಕಡೆಗೆ ತಿರುಗಬೇಕು.

ವಲಸೆಯು ದ್ರಾವಿಡ ನುಡಿಗಳು ಹಂಚಿಕೊಂಡಿರುವ ಮಾತು. ತಮಿಳಿನಲ್ಲಿ ಅದು ವಲಸೈ, ತೆಲುಗಿನಲ್ಲಿ ವಲಸ. ಚಾರ್ಲ್ಸ್ ಫಿಲಿಪ್ ಬ್ರೌನನು 1852ರಲ್ಲಿ ಪ್ರಕಟಿಸಿದ ತೆಲುಗು ನಿಘಂಟಿನಲ್ಲಿ ಈ ಮಾತಿಗೆ ಕೊಟ್ಟಿರುವ ಅರ್ಥವು ನಮಗೆ ಅನೇಕ ವಿಷಯಗಳನ್ನು ತಿಳಿಸುತ್ತದೆ. ಹಗೆಯ ಸೈನ್ಯಕ್ಕೆ ಹೆದರಿ ಮನೆಮಠಗಳನ್ನು ಬಿಟ್ಟು ಹೋಗುವುದೇ ವಲಸೆ ಎಂಬುದು ಅದರ ಸಾರಾಂಶ. ಅಂದರೆ ಮೊದಲಿಗೆ ಈ ಮಾತಿನ ಒಳಗೆ ಇದ್ದುದು ಭಯ; ಗಡಿಯಾಗಲಿ ದೇಶವಾಗಲಿ ಅದರಲ್ಲಿ ಇರಲಿಲ್ಲ. ದಂಡು ಬರುವ ಸುದ್ದಿ ತಿಳಿದೊಡನೆ ಜನರು ದವಸವನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಟ್ಟು, ದನಕರುಗಳನ್ನು ಹೊಡೆದುಕೊಂಡು ಕಾಡಿಗೋ ಕೋಟೆಗೋ ಓಡುತ್ತಿದ್ದರು. ಬರುತ್ತಿರುವುದು ತಮ್ಮ ಅರಸನ ದಂಡೋ ಶತ್ರುವಿನ ದಂಡೋ ಎಂಬುದು ರೈತನಿಗೆ ಅಷ್ಟು ಮುಖ್ಯವಾಗಿರಲಿಲ್ಲ. ಎರಡೂ ಬೆಳೆಯನ್ನು ತುಳಿಯುತ್ತಿದ್ದವು. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಯುದ್ಧಗಳಿಂದ ಹಾಳುಬಿದ್ದ ಹಳ್ಳಿಗಳನ್ನು ತನ್ನ ಪ್ರವಾಸಕಥನದಲ್ಲಿ ಮತ್ತೆ ಮತ್ತೆ ದಾಖಲೆ ಮಾಡಿದ್ದಾನೆ. ದಂಡು ಹಾದುಹೋದ ಮೇಲೆ ಉಳಿದವರು ಹಿಂದಿರುಗುತ್ತಿದ್ದುದೂ ಉಂಟು, ಹೋದಲ್ಲಿಯೇ ಬೇರೂರುತ್ತಿದ್ದುದೂ ಉಂಟು.

ಇದರ ನೆರೆಯ ಮಾತಾದ ಗುಳೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಜೀವಂತವಾಗಿದೆ. ಮಳೆ ಕೈಕೊಟ್ಟಾಗ ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯ ಕೂಲಿಕಾರರು ಮನೆಗೆ ಬೀಗ ಹಾಕಿ ಬೆಂಗಳೂರು, ಮುಂಬಯಿ, ಗೋವೆಗಳಿಗೆ ಕೆಲಸ ಹುಡುಕಿಕೊಂಡು ಹೋಗುವುದೇ ಗುಳೆ. ಗುಳೆ ಹೋದವರು ಹಬ್ಬಕ್ಕೆ, ಬಿತ್ತನೆಗೆ ಮರಳುತ್ತಾರೆ. ವಲಸೆಯಲ್ಲಿ ಆ ನಂಬಿಕೆ ಇಲ್ಲ. ಹಕ್ಕಿಗಳ ವಿಷಯದಲ್ಲಿ ಮಾತ್ರ ಈ ಭೇದವು ತಲೆಕೆಳಗಾಗಿದೆ. ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಬೇಸಗೆಗೆ ತಪ್ಪದೆ ಹಿಂದಿರುಗುತ್ತವೆ. ನ್ಯಾಯವಾಗಿ ಅವುಗಳದು ಗುಳೆ. ನಾವು ಅವುಗಳನ್ನು ವಲಸೆ ಹಕ್ಕಿಗಳೆಂದೇ ಕರೆಯುತ್ತೇವೆ.

ಇನ್ನು ಈ ಮಾತಿನ ವ್ಯಾಕರಣವನ್ನು ನೋಡಿರಿ. ವಲಸೆ ಎಂಬುದು ಒಂಟಿಯಾಗಿ ನಿಲ್ಲುವುದು ಕಡಮೆ. ಅದಕ್ಕೆ ಹೋಗು ಅಥವಾ ಬರು ಎಂಬ ಕ್ರಿಯಾಪದದ ಆಸರೆ ಬೇಕು. ಇಂಗ್ಲಿಷಿನಲ್ಲಿ ಹೊರಗೆ ಹೋಗುವುದಕ್ಕೆ ಎಮಿಗ್ರೇಷನ್ ಎಂದೂ ಒಳಗೆ ಬರುವುದಕ್ಕೆ ಇಮಿಗ್ರೇಷನ್ ಎಂದೂ ಎರಡು ಮಾತುಗಳಿವೆ. ಕನ್ನಡವು ಒಂದೇ ಮಾತನ್ನು ಇಟ್ಟುಕೊಂಡು, ಆ ಭೇದವನ್ನು ಕ್ರಿಯಾಪದಕ್ಕೆ ಒಪ್ಪಿಸಿದೆ. ಇದರಿಂದ ಒಂದು ವಿಶೇಷ ಉಂಟಾಗಿದೆ. ಅವನು ವಲಸೆ ಬಂದನು ಎಂದರೆ ಹೇಳುವವನು ಹೊಸ ಊರಿನಲ್ಲಿ ನಿಂತಿದ್ದಾನೆ. ಅವನು ವಲಸೆ ಹೋದನು ಎಂದರೆ ಹೇಳುವವನು ಹಳೆಯ ಊರಿನಲ್ಲಿ ಉಳಿದಿದ್ದಾನೆ. ನಡೆದವನೊಬ್ಬನೇ, ನಡೆದ ದಾರಿಯೂ ಒಂದೇ. ಕ್ರಿಯಾಪದವು ತಿಳಿಸುವುದು ನೋಡುವವನ ಸ್ಥಳವನ್ನು. ಹೋದವನನ್ನು ಕುರಿತು ಮಾತಾಡುವಾಗ ದನಿಯಲ್ಲಿ ಮರುಕವಿರುತ್ತದೆ, ಪಾಪ, ಏನು ಕಷ್ಟವೋ ಎನ್ನುತ್ತೇವೆ. ಬಂದವನನ್ನು ಕುರಿತು ಮಾತಾಡುವಾಗ ಅನೇಕ ವೇಳೆ ಅನುಮಾನ ಇಣುಕುತ್ತದೆ. ಒಂದು ವಾರದ ಪತ್ರಿಕೆಗಳನ್ನು ತೆಗೆದು, ವಲಸೆ ಎಂಬ ಮಾತು ಬಂದಲ್ಲೆಲ್ಲ ಅದರ ಮುಂದೆ ಇರುವ ಕ್ರಿಯಾಪದವನ್ನು ಗುರುತುಮಾಡುತ್ತಾ ಹೋದರೆ ಇದು ನಿಮಗೇ ಗೊತ್ತಾಗುತ್ತದೆ. ಒಂದು ರಾಜಕೀಯ ಪಕ್ಷವನ್ನು ಬಿಟ್ಟು ಇನ್ನೊಂದನ್ನು ಸೇರಿದವರನ್ನೂ ಪತ್ರಿಕೆಗಳು ವಲಸಿಗರೆಂದು ಕರೆಯುವುದನ್ನು ಆಗ ಕಾಣುವಿರಿ. ಹಸಿವಿಗೂ ಹಗೆಯ ದಂಡಿಗೂ ಹೆದರಿ ಓಡಿದವರ ಮಾತನ್ನು ಅಧಿಕಾರಕ್ಕಾಗಿ ಪಕ್ಷ ಬಿಡುವವರಿಗೆ ಕೊಟ್ಟಿರುವುದು ಅಷ್ಟು ಉಚಿತವೆಂದು ತೋರುವುದಿಲ್ಲ.

ವಲಸೆಗೆ ದೇಶದ ಗಡಿ ಎಂಬ ಅರ್ಥ ಬಲವಾಗಿ ಅಂಟಿಕೊಂಡುದು ಇತ್ತೀಚೆಗೆ, ಅಂದರೆ ಸುಮಾರು ನೂರು ವರ್ಷಗಳಿಂದ. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದ ಮುಂಚೆ ಪ್ರಪಂಚದ ಬಹು ಭಾಗಗಳಲ್ಲಿ ಜನರು ಪಾಸ್‌ಪೋರ್ಟ್ ಇಲ್ಲದೆಯೇ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಹುದಾಗಿತ್ತು. ಯುದ್ಧಕಾಲದಲ್ಲಿ ಬಂದ ಕಟ್ಟುಪಾಡು ಯುದ್ಧ ಮುಗಿದ ಮೇಲೂ ಉಳಿಯಿತು. ಭಾರತಕ್ಕೆ ಬರುವವರು ಪಾಸ್‌ಪೋರ್ಟ್ ಹೊಂದಿರಬೇಕೆಂಬ ಕಾಯಿದೆ 1920ರಲ್ಲಿ ಜಾರಿಗೆ ಬಂತು. ಭಾರತೀಯರಿಗೆ ಪಾಸ್‌ಪೋರ್ಟ್ ಕೊಡುವ ಈಗಿನ ಕಾಯಿದೆ 1967ರದು. 1920ರ ಆ ಕಾಯಿದೆಯನ್ನೂ, ವಿದೇಶೀಯರನ್ನು ಕುರಿತ 1946ರ ಕಾಯಿದೆ ಮುಂತಾದವನ್ನೂ ರದ್ದುಪಡಿಸಿ, 2025ರಲ್ಲಿ ಒಂದೇ ಹೊಸ ಕಾಯಿದೆಯನ್ನು ತರಲಾಯಿತು. ಇವೆಲ್ಲದರ ಪರಿಣಾಮವಾಗಿ, ಎಂಟು ದಿನ ಸಿಂಗಪುರವನ್ನು ನೋಡಿಬರಲು ಹೊರಟವನೂ ವಿಮಾನನಿಲ್ದಾಣದಲ್ಲಿ ವಲಸೆ ಅಧಿಕಾರಿಯ ಮುಂದೆ ನಿಲ್ಲುತ್ತಾನೆ. ಅವನಿಗೆ ವಲಸೆಯ ಯೋಚನೆಯೇ ಇರುವುದಿಲ್ಲ. ಆದರೂ ಅವನ ಪುಸ್ತಕದ ಮೇಲೆ ಮುದ್ರೆ ಒತ್ತುವ ಇಲಾಖೆಯ ಹೆಸರು ಅದೇ.

ಹಾಗಾದರೆ ಅವನು ಪ್ರವಾಸಿಯಲ್ಲವೆ ಎಂದು ನೀವು ಕೇಳಬಹುದು. ಕನ್ನಡದಲ್ಲಿ ಹೌದು. ಆದರೆ ಪ್ರವಾಸ ಎಂಬ ಸಂಸ್ಕೃತ ಪದದಲ್ಲಿರುವುದು ವಾಸ. ಮನೆಯಿಂದ ದೂರದಲ್ಲಿ ವಾಸಮಾಡುವುದು ಅದರ ಮೂಲಾರ್ಥ. ಹಿಂದಿಯವರು ಈ ಅರ್ಥವನ್ನು ಉಳಿಸಿಕೊಂಡಿದ್ದಾರೆ. 1915ರ ಜನವರಿ 9ರಂದು ಗಾಂಧೀಜಿಯವರು ದಕ್ಷಿಣ ಆಫ್ರಿಕದಿಂದ ಮರಳಿದುದರ ನೆನಪಿಗಾಗಿ ಕೇಂದ್ರ ಸರ್ಕಾರವು 2003ರಿಂದ ಪ್ರವಾಸಿ ಭಾರತೀಯ ದಿವಸವನ್ನು ನಡೆಸುತ್ತಿದೆ. 2017ರಲ್ಲಿ ಅದು ಬೆಂಗಳೂರಿನಲ್ಲಿ ನಡೆದಾಗ, ಕನ್ನಡದ ಕಿವಿಗೆ ಅದು ಊರು ನೋಡಲು ಹೊರಟ ಭಾರತೀಯರ ಹಬ್ಬದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಹೊರದೇಶದಲ್ಲಿ ನೆಲೆಸಿದವರನ್ನು ಕನ್ನಡದಲ್ಲಿ ಅನಿವಾಸಿಗಳೆಂದು ಕರೆಯುತ್ತಾರೆ. ಒಬ್ಬ ಮನುಷ್ಯನು ಎಲ್ಲಿ ವಾಸಿಸುತ್ತಿದ್ದಾನೆ ಎಂಬುದನ್ನು ಹೇಳದೆ, ಎಲ್ಲಿ ವಾಸಿಸುತ್ತಿಲ್ಲ ಎಂಬುದನ್ನು ಮಾತ್ರ ಹೇಳುವ ಮಾತು ಇದು. ಇಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅಮೆರಿಕದಲ್ಲಿ ಮನೆ ಕಟ್ಟಿಕೊಂಡ ಎಂಜಿನಿಯರನ್ನು ಅನಿವಾಸಿ ಕನ್ನಡಿಗನೆಂದು ಗೌರವದಿಂದ ಕರೆಯುತ್ತೇವೆ. ಬೇರೆ ರಾಜ್ಯದಿಂದ ಬಂದು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವವನನ್ನು ವಲಸೆ ಕಾರ್ಮಿಕನೆನ್ನುತ್ತೇವೆ. ದೇಶದ ಗಡಿಯನ್ನು ನಿಜವಾಗಿ ದಾಟಿದವನು ಮೊದಲನೆಯವನು. ಎರಡನೆಯವನು ತನ್ನ ದೇಶದೊಳಗೇ ಇದ್ದಾನೆ. ಭಾರತದ ಯಾವ ಭಾಗದಲ್ಲಿಯಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಅವನಿಗೆ ಕೊಟ್ಟಿದೆ.

ಪರದೇಶಿ ಎಂಬ ಮಾತಿನ ಗತಿಯು ಇದಕ್ಕಿಂತ ಕರುಣಾಜನಕವಾದುದು. ಬೇರೆ ದೇಶದವನು ಎಂಬುದಷ್ಟೇ ಅದರ ನೇರವಾದ ಅರ್ಥ. ಆದರೆ ಆಡುಮಾತಿನಲ್ಲಿ ತಾಯಿತಂದೆಗಳಿಲ್ಲದವನಿಗೆ, ಕೇಳುವವರು ದಿಕ್ಕಿಲ್ಲದವನಿಗೆ ಪರದೇಶಿ ಎನ್ನುತ್ತಾರೆ. ತನ್ನವರಿಲ್ಲದ ನಾಡಿನಲ್ಲಿ ಇರುವವನು ಅನಾಥನಿಗೆ ಸಮಾನನೆಂದು ಕಂಡುಕೊಂಡ ಜನರ ಅನುಭವ ಈ ಅರ್ಥಾಂತರದಲ್ಲಿದೆ.

ಮಾತಿನ ಅರ್ಥವು ಸಡಿಲವಾಗಿದ್ದರೆ ಮನೆಯ ಜಗುಲಿಯ ಮೇಲೆ ಅದರಿಂದ ತೊಂದರೆಯಿಲ್ಲ. ಆದರೆ ಕಾನೂನಿನಲ್ಲಿ ಒಂದು ಮಾತಿನ ಅರ್ಥದ ಮೇಲೆ ಒಬ್ಬನ ಇಡೀ ಬಾಳು ನಿಲ್ಲಬಹುದು. 1947ರಲ್ಲಿ ದೇಶ ವಿಭಜನೆಯಾದಾಗ ಒಂದು ಕೋಟಿಗೂ ಹೆಚ್ಚು ಜನರು ಹೊಸದಾಗಿ ಎಳೆದ ಗೆರೆಗಳನ್ನು ದಾಟಿದರು. ಅವರಲ್ಲಿ ಭಾರತದ ಪೌರರು ಯಾರು ಎಂಬುದನ್ನು ಸಂವಿಧಾನವೇ ನಿರ್ಣಯಿಸಬೇಕಾಯಿತು. 6ನೆಯ ಅನುಚ್ಛೇದವು ಪಾಕಿಸ್ತಾನದಿಂದ ಭಾರತಕ್ಕೆ ವಲಸೆ ಬಂದವರನ್ನು ಕುರಿತದ್ದು. 7ನೆಯದು ಪಾಕಿಸ್ತಾನಕ್ಕೆ ವಲಸೆ ಹೋದವರನ್ನು ಕುರಿತದ್ದು. 1948ರ ಜುಲೈ 19ಕ್ಕೆ ಮೊದಲು ಬಂದು ಇಲ್ಲಿಯೇ ನೆಲೆಸಿದವರಿಗೆ, ಅವರಾಗಲಿ ಅವರ ತಂದೆತಾಯಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ ಅವಿಭಕ್ತ ಭಾರತದಲ್ಲಿ ಹುಟ್ಟಿದ್ದರೆ, ಪೌರತ್ವವು ಸಂವಿಧಾನದಿಂದಲೇ ದೊರೆಯಿತು. ಆ ದಿನ ಅಥವಾ ಅದರ ಅನಂತರ ಬಂದವರು ಅಧಿಕಾರಿಯ ಮುಂದೆ ನೋಂದಾಯಿಸಿಕೊಳ್ಳಬೇಕಾಗಿತ್ತು. 1947ರ ಮಾರ್ಚ್ 1ರ ಅನಂತರ ಪಾಕಿಸ್ತಾನಕ್ಕೆ ವಲಸೆ ಹೋದವರು, ಮತ್ತೆ ನೆಲೆಸುವುದಕ್ಕೆಂದು ಅನುಮತಿಪತ್ರ ಪಡೆದು ಮರಳಿದವರ ಹೊರತು, ಭಾರತದ ಪೌರರೆನಿಸಲಿಲ್ಲ.

ಇಷ್ಟೆಲ್ಲ ತಿಥಿಗಳನ್ನೂ ನಿಬಂಧನೆಗಳನ್ನೂ ಬರೆದ ಸಂವಿಧಾನವು ವಲಸೆ ಎಂದರೆ ಏನು ಎಂಬುದನ್ನು ಮಾತ್ರ ವಿವರಿಸಿರಲಿಲ್ಲ. ಆ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಪಂಜಾಬಿನ ವಿಧಾನಸಭೆಗೆ 1957ರಲ್ಲಿ ಆರಿಸಿಬಂದ ಮಂಗಲ್ ಸೈನ್ ಎಂಬುವರು ಭಾರತದ ಪೌರರೇ ಅಲ್ಲವೆಂದು ಎದುರಾಳಿಗಳು ತಕರಾರು ತೆಗೆದರು. ಅವರು ಮುಂದೆ ಪಾಕಿಸ್ತಾನಕ್ಕೆ ಸೇರಿದ ಒಂದು ಊರಿನಲ್ಲಿ ಹುಟ್ಟಿ, ವಿಭಜನೆಗೆ ಮುಂಚೆಯೇ ಜಲಂಧರಕ್ಕೆ ಬಂದಿದ್ದರು. ನಡುವೆ ಬರ್ಮಾದೇಶಕ್ಕೂ ಹೋಗಿ ಬಂದಿದ್ದರು. ಬಂದು ಶಾಶ್ವತವಾಗಿ ನೆಲೆಸುವ ಉದ್ದೇಶ ಇದ್ದರೆ ಅದು ವಲಸೆ. ಆ ಉದ್ದೇಶವು ಬಂದ ದಿನವೇ ಇರಬೇಕೆಂದಿಲ್ಲ, ಬಂದ ಮೇಲೆ ಮೂಡಿದರೂ ಸಾಕು ಎಂದು ನ್ಯಾಯಾಲಯವು 1960ರಲ್ಲಿ ತೀರ್ಮಾನಿಸಿತು. ಅವರ ಆಯ್ಕೆ ಉಳಿಯಿತು.

ಆದರೆ ಇದೇ ಅರ್ಥವನ್ನು ಹೋದವರಿಗೂ ಹಚ್ಚಿದರೆ ಏನಾಗುತ್ತದೆ? ಕೇರಳದಲ್ಲಿ ಹುಟ್ಟಿ, ಕರಾಚಿಗೆ ಹೋಗಿದ್ದು, ಕೆಲವು ವರ್ಷಗಳ ಮೇಲೆ ಪಾಕಿಸ್ತಾನದ ಪಾಸ್‌ಪೋರ್ಟಿನೊಡನೆ ಊರಿಗೆ ಮರಳಿದ ಒಬ್ಬನ ಮೊಕದ್ದಮೆಯಲ್ಲಿ ಈ ಪ್ರಶ್ನೆ ಎದ್ದಿತು. ಶಾಶ್ವತವಾಗಿ ನೆಲೆಸುವ ಉದ್ದೇಶವಿರುವುದೇ ವಲಸೆಯಾದರೆ, ಆ ಉದ್ದೇಶವಿಲ್ಲದೆ ಹೋದವನು ವಲಸೆ ಹೋದವನಾಗುವುದಿಲ್ಲ. ಆಗ ಅವನು ಹುಟ್ಟಿದ ನಾಡಿನ ಪೌರನಾಗಿಯೇ ಉಳಿಯಬಹುದಾಗಿತ್ತು. 1966ರಲ್ಲಿ ನ್ಯಾಯಾಲಯವು ಹಿಂದಿನ ಅರ್ಥವನ್ನು ಬಿಟ್ಟು, ಹೆಚ್ಚು ವಿಶಾಲವಾದ ಅರ್ಥವನ್ನು ಹಿಡಿಯಿತು. ಒಬ್ಬನು ತನ್ನ ಇಚ್ಛೆಯಿಂದ ಒಂದು ದೇಶವನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ, ಅಲ್ಲಿ ಕೊನೆಯವರೆಗೆ ಇರುವ ಉದ್ದೇಶವಿರಲಿ ಇಲ್ಲದಿರಲಿ, ಅದು ವಲಸೆಯೇ. ಒಂದು ನಿರ್ದಿಷ್ಟ ಕೆಲಸಕ್ಕಾಗಿ ಸ್ವಲ್ಪ ಕಾಲ ಹೋಗಿಬರುವುದು ಮಾತ್ರ ವಲಸೆಯಲ್ಲ ಎಂದಿತು. ಇದರಿಂದ ಆ ಮನುಷ್ಯನು ತಾನು ಹುಟ್ಟಿದ ಕೇರಳದಲ್ಲಿಯೇ ವಿದೇಶೀಯನೆನಿಸಿದನು. ಆರು ವರ್ಷಗಳ ಅಂತರದಲ್ಲಿ ಒಂದು ಮಾತಿನ ಅರ್ಥ ಹಿಗ್ಗಿತು. ಹಿಗ್ಗಿದ ಅರ್ಥದೊಳಗೆ ಸಿಕ್ಕಿಕೊಂಡವರ ಪೌರತ್ವ ಹೋಯಿತು. ನಿಘಂಟಿನಲ್ಲಿ ಒಂದು ಸಾಲಿನಷ್ಟೂ ಇಲ್ಲದ ವ್ಯತ್ಯಾಸವು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ನ್ಯಾಯಾಲಯದ ವಿವರಣೆಯಲ್ಲಿ ಇಚ್ಛೆ ಎಂಬ ಮಾತು ಬಂದುದನ್ನು ಗಮನಿಸಿರಿ. ಇಚ್ಛೆಯಿಲ್ಲದೆ ದಾಟಿದವನು ಯಾರು? ಅವನಿಗೆ ನಾವು ನಿರಾಶ್ರಿತನೆಂದು ಹೆಸರಿಟ್ಟಿದ್ದೇವೆ. ಹಗೆಯ ದಂಡಿಗೆ ಹೆದರಿ ಓಡಿದವರ ಹಳೆಯ ಹೆಸರಾದ ವಲಸೆಯು ಕೆಲಸಕ್ಕಾಗಿ, ಹಣಕ್ಕಾಗಿ ಹೋದವರ ಪಾಲಾಗಿ, ಭಯದಿಂದ ಓಡಿದವರಿಗೆ ಹೊಸ ಮಾತು ಬೇಕಾಯಿತು ಎಂದೂ ಹೇಳಬಹುದು. 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಹಿಂಸೆಗೆ ಗುರಿಯಾಗುವ ಭಯವು ಸಕಾರಣವಾಗಿದ್ದು, ಅದರಿಂದ ತನ್ನ ದೇಶದ ಹೊರಗಿರುವವನು ನಿರಾಶ್ರಿತ. ಜೀವಕ್ಕೂ ಸ್ವಾತಂತ್ರ್ಯಕ್ಕೂ ಅಪಾಯವಿರುವ ಕಡೆಗೆ ಅವನನ್ನು ಹಿಂದಕ್ಕೆ ಅಟ್ಟಕೂಡದೆಂದು ಆ ಒಪ್ಪಂದವು ವಿಧಿಸುತ್ತದೆ. ಹಸಿವೆಯ ಭಯ ಈ ಪಟ್ಟಿಯಲ್ಲಿಲ್ಲ. ಬರಗಾಲದಿಂದ ಓಡಿಬಂದವನನ್ನು ವಲಸಿಗನೆಂದು ಕರೆದು ಹಿಂದಕ್ಕೆ ಕಳುಹಿಸಲು ದೇಶಗಳಿಗೆ ಅಡ್ಡಿಯಿಲ್ಲ. ಭಾರತವು ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೆ ಒಪ್ಪಂದವಿಲ್ಲದೆಯೇ ಅದು ಬಹಳ ಜನರಿಗೆ ಬಾಗಿಲು ತೆರೆದಿದೆ.

ನಿರಾಶ್ರಿತ ಎಂಬ ಕನ್ನಡದ ಮಾತು ನನಗೆ ಅಷ್ಟು ಒಪ್ಪಿಗೆಯಾಗಿಲ್ಲ. ಆಶ್ರಯವಿಲ್ಲದವನು ಎಂಬುದು ಅದರ ಅರ್ಥ. ಆದುದರಿಂದಲೇ ಭಿಕ್ಷುಕರನ್ನು ಇರಿಸುವ ಸರ್ಕಾರಿ ಕೇಂದ್ರಗಳಿಗೂ ಇದೇ ಹೆಸರು ಬಂದಿದೆ. ಹಿಂದಿಯ ಶರಣಾರ್ಥಿ ಎಂಬ ಮಾತು ರಕ್ಷಣೆಯನ್ನು ಬೇಡಿ ಬಂದವನು ಎನ್ನುತ್ತದೆ. ಒಂದು ಮಾತು ಅವನಲ್ಲಿ ಇಲ್ಲದುದನ್ನು ಹೇಳಿದರೆ ಇನ್ನೊಂದು ಅವನು ಕೇಳುತ್ತಿರುವುದನ್ನು ಹೇಳುತ್ತದೆ. ಕೇಳುವವನಿಗೆ ಉತ್ತರ ಕೊಡಬೇಕಾಗುತ್ತದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನರು ಭಾರತಕ್ಕೆ ಬಂದಾಗ, ಅವರ ನೆರವಿಗಾಗಿ ಅಂಚೆಯ ಕಾಗದಗಳ ಮೇಲೆ ಐದು ಪೈಸೆಯ ಹೆಚ್ಚಿನ ಚೀಟಿ ಅಂಟಿಸಬೇಕೆಂದು ಕೇಂದ್ರ ಸರ್ಕಾರವು ವಿಧಿಸಿತು. ಅದಕ್ಕಾಗಿ ಅಚ್ಚುಹಾಕಿದ ಚೀಟಿಯ ಮೇಲೆ ಇದ್ದುದು ಈ ಶರಣಾರ್ಥಿ ಎಂಬ ಮಾತೇ. ಆಗಿನ ಮೈಸೂರು ರಾಜ್ಯದ ಯಾವುದೋ ಹಳ್ಳಿಯಿಂದ ಮಗಳ ಬಾಣಂತನದ ಸುದ್ದಿ ಹೊತ್ತು ಹೊರಟ ಕಾಗದವೂ ಗಂಗೆಯ ಆಚೆಯ ಆ ಜನರಿಗೆ ಐದು ಪೈಸೆ ಕೊಟ್ಟೇ ಮುಂದೆ ಹೋಗಬೇಕಾಗಿತ್ತು. ಬಂಗ್ಲಾದೇಶ ಸ್ವತಂತ್ರವಾದ ಮೇಲೆ ಆ ಜನರಲ್ಲಿ ಬಹುಪಾಲು 1972ರಲ್ಲಿ ಮರಳಿದರು.

ಮರಳಲಾಗದವರು ನಮ್ಮ ನೆರೆಯಲ್ಲಿಯೇ ಇದ್ದಾರೆ. 1959ರ ಮಾರ್ಚ್ ತಿಂಗಳಲ್ಲಿ ದಲೈಲಾಮಾ ಲ್ಹಾಸಾ ನಗರವನ್ನು ಬಿಟ್ಟು ಭಾರತಕ್ಕೆ ಬಂದರು; ಅವರ ಹಿಂದೆ ಸಾವಿರಾರು ಟಿಬೆಟನ್ನರು ಹಿಮದ ಕಣಿವೆಗಳನ್ನು ದಾಟಿ ಬಂದರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಬಳಿ 1960ರಲ್ಲಿ ಅವರಿಗೆ ಕಾಡುಭೂಮಿ ದೊರೆಯಿತು. ಆನೆಗಳು ತಿರುಗಾಡುವ ಆ ಕಾಡನ್ನು ಕಡಿದು ಅವರು ಮುಸುಕಿನ ಜೋಳ ಬೆಳೆದರು, ಮಠಗಳನ್ನು ಕಟ್ಟಿದರು. ಅನಂತರ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳ ಕಡೆಯೂ ಇಂಥ ನೆಲೆಗಳು ಹುಟ್ಟಿದವು. ಮನೆ, ಹೊಲ, ಶಾಲೆ, ಆಸ್ಪತ್ರೆ ಎಲ್ಲವೂ ಇದ್ದು, ಅರುವತ್ತು ವರ್ಷಗಳು ಕಳೆದರೂ ಅವರನ್ನು ಕರೆಯುವ ಹೆಸರು ನಿರಾಶ್ರಿತರೆಂದೇ. ಕಾನೂನಿನ ಕಣ್ಣಿನಲ್ಲಿ ಅವರಲ್ಲಿ ಬಹಳ ಮಂದಿ ನೋಂದಣಿ ಪತ್ರ ಪಡೆದು ವಾಸಿಸುವ ವಿದೇಶೀಯರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗಾಗಿ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರೆಂಬ ನಿಯಮ ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿಯ ಉಚ್ಚ ನ್ಯಾಯಾಲಯವು 2010ರಲ್ಲಿ, ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ಹೇಳಿದವು. ಹಾಗಿದ್ದೂ ಪೌರತ್ವವನ್ನು ಕೇಳಲು ಹಿಂಜರಿಯುವವರು ಅವರಲ್ಲಿದ್ದಾರೆ. ಪೌರರಾದರೆ ತಾವು ಬಂದ ಕಾರಣವನ್ನೇ ಮರೆತಂತಾಗುತ್ತದೆಂಬುದು ಅವರ ಅಳುಕು. ನಿರಾಶ್ರಿತ ಎಂಬ ಮಾತು ಅವರಿಗೆ ಕೊರತೆಯ ಹೆಸರಷ್ಟೇ ಆಗಿರದೆ, ಹಿಂದಿರುಗುವ ಹಕ್ಕಿನ ಗುರುತೂ ಆಗಿದೆ.

ಹಿಂದಿರುಗು, ಮರಳು ಎಂಬ ಮಾತುಗಳು ಮೇಲೆ ಹಲವು ಸಾರಿ ಬಂದವು. ಇವು ನಿರಪಾಯವಾದ ಮಾತುಗಳೆಂದು ತೋರುತ್ತವೆ. ಆದರೆ ಇವುಗಳಿಂದಲೂ ಜನರ ಬಾಳು ಬದಲಾದುದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಸಿಂಹಳದ್ವೀಪದ ಬೆಟ್ಟಗಳಲ್ಲಿ ಮೊದಲು ಕಾಫಿ, ಅದು ರೋಗಕ್ಕೆ ತುತ್ತಾದ ಮೇಲೆ ಚಹಾ ಬೆಳೆಸಿದರು. ಕೆಲಸಕ್ಕೆ ತಮಿಳು ಜಿಲ್ಲೆಗಳ ಬಡವರನ್ನು ಕರೆದೊಯ್ದರು. ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ದುಡಿದರು. ಸ್ವತಂತ್ರ ಸಿಲೋನ್ 1948ರಲ್ಲಿ ಮಾಡಿದ ಪೌರತ್ವದ ಕಾಯಿದೆಯಿಂದ ಇವರಲ್ಲಿ ಬಹುಮಂದಿ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಒಂದು ಒಪ್ಪಂದ ಮಾಡಿಕೊಂಡರು. 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಸಿಲೋನೂ ಪೌರರನ್ನಾಗಿ ಸ್ವೀಕರಿಸಬೇಕೆಂದು ತೀರ್ಮಾನವಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಎರಡು ದೇಶಗಳೂ ಸಮನಾಗಿ ಹಂಚಿಕೊಂಡವು.

ಹೀಗೆ ಭಾರತದ ಪಾಲಿಗೆ ಬಂದವರನ್ನು ಸರ್ಕಾರಿ ಕಡತಗಳಲ್ಲಿ ಯಾವ ಮಾತಿನಿಂದ ಕರೆಯಬೇಕು? ಅವರು ವಲಸಿಗರಲ್ಲ, ಏಕೆಂದರೆ ಬಂದುದು ಅವರ ಆಯ್ಕೆಯೆಂದು ಹೇಳುವಂತಿರಲಿಲ್ಲ. ಒಪ್ಪಂದದ ಮೂಲಕ ಬಂದುದರಿಂದ ನಿರಾಶ್ರಿತರೂ ಅಲ್ಲ. ಕೊನೆಗೆ ಅವರಿಗೆ ತಮಿಳಿನಲ್ಲಿ ತಾಯಕಂ ತಿರುಂಬಿಯೋರ್, ಅಂದರೆ ತಾಯ್ನಾಡಿಗೆ ಮರಳಿದವರು ಎಂದು ಹೆಸರಾಯಿತು. ಮರಳುವುದೆಂದರೆ ಒಮ್ಮೆ ಹೋಗಿದ್ದವನು ಹಿಂದಿರುಗುವುದು. ಆದರೆ ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರಲ್ಲಿ ಅನೇಕರು ಭಾರತದ ನೆಲವನ್ನು ಕಂಡುದು ಅದೇ ಮೊದಲ ಸಾರಿ. ಶ್ರೀಲಂಕಾದ ಜನಗಣತಿಯ ಪುಸ್ತಕಗಳಲ್ಲಿ ಅವರು ಇಂಡಿಯನ್ ತಮಿಳರು. ನೀಲಗಿರಿಯ ಚಹಾ ತೋಟಗಳಿಗೆ ಬಂದ ಮೇಲೆ ಅಕ್ಕಪಕ್ಕದವರ ಬಾಯಲ್ಲಿ ಸಿಲೋನ್‌ಕಾರರು.

ಅವರಲ್ಲಿ ಒಂದು ಭಾಗವು ಕರ್ನಾಟಕಕ್ಕೂ ಬಂತು. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರುಗಳ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸವೂ ತೋಟದ ಸಾಲುಮನೆಗಳೂ ದೊರೆತವು. ಬೆಳಗಿನ ಜಾವದಲ್ಲಿ ಎದ್ದು ಮರದ ತೊಗಟೆಯನ್ನು ಓರೆಯಾಗಿ ಕೆತ್ತಿ, ಗೆರಟೆಗೆ ಹಾಲು ಇಳಿಯುವಂತೆ ಮಾಡುವ ಕೆಲಸವನ್ನು ಚಹಾ ಚಿಗುರು ಕೊಯ್ದ ಕೈಗಳು ಹೊಸದಾಗಿ ಕಲಿತವು. ಅವರ ಮನೆಯ ಮಾತು ತಮಿಳು, ಪೇಟೆಯಲ್ಲಿ ಕಿವಿಗೆ ಬೀಳುವುದು ತುಳು, ಮಕ್ಕಳು ಶಾಲೆಯಲ್ಲಿ ಓದುವುದು ಕನ್ನಡ. ಬೆಟ್ಟದ ಚಹಾ ತೋಟ, ಕಡಲು, ಹಡಗುಗಳ ಕಥೆಯನ್ನು ಅಜ್ಜಿಯರು ಹೇಳುತ್ತಾರೆ; ಆ ಕಥೆಗಳಲ್ಲಿ ಊರು ಎಂದರೆ ಇನ್ನೂ ಕಡಲಿನ ಆಚೆಯದೇ.